ಹೆಸರು ಹೇಳಿ ಚಿವುಟುವ ಎಲೆ

14-6-1975, ಬಾಗೇವಾಡಿ, ಬೆಳಿಗ್ಗೆ

ಹಲ್ಲುಜ್ಜುವ ಮೊದಲೇ ಮೂವರು ಬಂದು ಹೋದರು, ಸತಾಪದ ಎಲೆಗೆ. ಮಳೆ ಹಿಡಿಯಿತೆಂದರೆ ಓಣಿಯ ಕೂಸುಗಳಿಗೆಲ್ಲ ಒಮ್ಮೆಲೇ ಮೂಗು ಸೋರುತ್ತದೆ, ಹೊಟ್ಟೆ ಉಬ್ಬುತ್ತದೆ. ನಮ್ಮ ಹಿತ್ತಲ ಬಾಗಿಲಿಗೆ ಬಿಡುವಿಲ್ಲ. ಸೀತವ್ವ ಮೊಮ್ಮಗನನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಿದ್ದಳು.

"ಅಕ್ಕೋರ, ರಾತ್ರೆಲ್ಲಾ ಚೀರ್ಯಾನ್ರಿ. ಎರಡ ಎಲಿ ಕೊಡ್ರಿ."

"ಮಡಿವಾಳಪ್ಪ" ಎಂದು ಹೇಳಿ ಚಿವುಟಿ ಕೊಟ್ಟೆ. ಅಂಗೈಯಷ್ಟು ಕೂಸು, ಮೊಳದುದ್ದದ ಹೆಸರು. ಎದೆಹಾಲಿನಲ್ಲಿ ಎಲೆ ತಿಕ್ಕಿ ಹಣೆಗೆ ಹಚ್ಚುತ್ತಾರೆ. ಒಂದು ಟಿಸಿಲು ತೊಟ್ಟಿಲಿಗೆ ಕಟ್ಟುತ್ತಾರೆ.

ಗಿಡ ಕೊಟ್ಟವಳು ಪಕ್ಕದ ಮನೆಯ ಜನ್ನತಬಿ. ಬಳೆ ಮಾರುವವಳು. ಕೊಡುವಾಗ ಎರಡು ನೇಮ ಹೇಳಿಕೊಟ್ಟಿದ್ದಳು. ಕೂಸಿನ ಹೆಸರು ಹೇಳಿಯೇ ಚಿವುಟಬೇಕು. ಬಿಸಿಲೇರುವ ಮೊದಲೇ ಚಿವುಟಬೇಕು. "ಬಿಸಲಾಗ ಮುಟ್ಟಬ್ಯಾಡ್ರಿ ಅಕ್ಕೋರ, ಸುದಾಬಕ್ಕ ಸಿಟ್ಟ ಬರ್ತೈತಿ." ಆಕೆಗೆ ಅದು ಸುದಾಬ. ನಮ್ಮತ್ತೆಗೆ ಸತಾಪ. ತವರೂರು ಇಂಡಿಯಲ್ಲಿ ನನ್ನವ್ವ ನಾಗದಾಳಿ ಎನ್ನುತ್ತಿದ್ದಳು, ಆ ವಾಸನೆಗೆ ಹಾವು ಸುಳಿಯುವುದಿಲ್ಲ ಅಂತ. ಯಾವ ಹೆಸರಿನಿಂದ ಕರೆದರೂ ಕಹಿ ಕಹಿಯೇ. ನಾಲಿಗೆಗೆ ಇಟ್ಟರೆ ಮಧ್ಯಾಹ್ನದವರೆಗೆ ಹೋಗುವುದಿಲ್ಲ.

ಮಗಳು ಕಸ್ತೂರಿ ಹುಟ್ಟಿದಾಗ ಹಚ್ಚಿದ ಗಿಡ. ಕಸ್ತೂರಿಗೂ ಕಟ್ಟಿದ್ದೆ, ತಿಕ್ಕಿದ್ದೆ. ತೆವಳಲು ಕಲಿತಿದ್ದಳು, ಹೊಸ್ತಿಲು ದಾಟಿರಲಿಲ್ಲ. ಜ್ವರ ತಲೆಗೇರಿತು. ಎಲೆ ಏನೂ ಮಾಡಲಿಲ್ಲ. ಈಗ ಗಿಡ ನನ್ನ ಸೊಂಟದೆತ್ತರ ಆಗಿದೆ. ಓಣಿಯ ಕೂಸುಗಳ ಹೆಸರೆಲ್ಲ ದಿನವೂ ನನ್ನ ಬಾಯಲ್ಲಿ ಬರುತ್ತವೆ. ಆ ಒಂದು ಹೆಸರು ಹೇಳುವುದಿಲ್ಲ. ಬರೆಯಬಲ್ಲೆ, ಹೇಳಲಾರೆ.

ಶಾಲೆಗೆ ಹೊತ್ತಾಯಿತು. ಮೂರನೆಯ ಇಯತ್ತೆಗೆ ಇವತ್ತು ಭಾಗಾಕಾರ. ದೇವರೇ ಕಾಪಾಡಬೇಕು.

3-7-1975

ಬೆಳಿಗ್ಗೆ ಗುರುತಿಲ್ಲದ ಹೆಂಗಸು. ಸೆರಗು ಮೂಗಿನವರೆಗೆ. ಮುದ್ದೇಬಿಹಾಳ ಬಸ್ಸಿಗೆ ಬಂದೆ ಎಂದಳು.

"ಎರಡ ಎಲಿ ಸಾಲಂಗಿಲ್ರಿ. ಒಂದ ಹಿಡಿ ಬೇಕ್ರಿ."

"ಕೂಸಿನ ಹೆಸರೇನವಾ?"

ನೆಲ ನೋಡಿದಳು. "ಹೆಸರ ಇಲ್ರಿ."

ಆಗ ತಿಳಿಯಿತು. ತೊಟ್ಟಿಲಲ್ಲಿರುವ ಕೂಸಿಗೆ ಇದು ಕಾವಲು, ಹೊಟ್ಟೆಯಲ್ಲಿರುವ ಕೂಸಿಗೆ ವಿಷ. ಇಲ್ಲಿಯ ಹೆಂಗಸರಿಗೆಲ್ಲ ಗೊತ್ತು. ಬಸುರಿಯರು ನಮ್ಮ ಹಿತ್ತಲ ಗೋಡೆಯ ಹತ್ತಿರ ಕೂಡ ಹಾಯುವುದಿಲ್ಲ. ಕೊಡುವುದಿಲ್ಲ ಎಂದೆ. ಸೆರಗು ಇನ್ನಷ್ಟು ಎಳೆದುಕೊಂಡು ಹೋದಳು. ಮಜ್ಜಿಗೆಯಾದರೂ ಕೊಟ್ಟು ಕಳಿಸಬೇಕಿತ್ತು. ಇಡೀ ದಿನ ಅದೇ ಕೊರೆಯುತ್ತಿದೆ.

20-7-1975

ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಮೊರದಿಂದ ಕಣ್ಣೆತ್ತದೆ ಹೇಳಿದರು.

"ಇಂದ್ರಾ, ಸಿಟ್ಟಿಗೇಳಬ್ಯಾಡ. ನಮ್ಮಣ್ಣನ ಮಗಳು ಶೇವಂತಿ ಅದಾಳಲಾ, ಕನ್ನೊಳ್ಳ್ಯಾಗ. ಹೊರಗಿನಾಕಿ ಅಲ್ಲ. ನಿನ್ನ ಕೈಯಾಗ ತಂಗಿಯಂಗ ಇರ್ತಾಳ. ನನ್ನ ಮಗ ಬೀರಣ್ಣಗ ಒಂದ ಕೂಸ ಆಗಲಿ. ಈ ಮನ್ಯಾಗ ಒಂದ ತೊಟ್ಟಲಾ ತೂಗಲಿ ಅಷ್ಟ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಈಕೆಯ ಮೇಲೆ ಸಿಟ್ಟು ಮಾಡುವುದೂ ಸುಲಭವಲ್ಲ. ಕಸ್ತೂರಿ ಹೋದಾಗ ನಾನು ಅನ್ನ ಬಿಟ್ಟಿದ್ದೆ. ತುತ್ತು ಮಾಡಿ ನನ್ನ ಬಾಯಿಗೆ ಇಟ್ಟವರು ಇದೇ ಶಂಕ್ರೆವ್ವ. ಉಪಕಾರ ಮಾಡಿಸಿಕೊಂಡವಳಿಗೆ ಜಗಳಾಡಲಿಕ್ಕೂ ಬಾಯಿ ಇರುವುದಿಲ್ಲ.

ಇವರು ಸಂಜೆ ಸಿಂದಗಿ ಸಂತೆಯಿಂದ ಬಂದರು, ಹೆಗಲ ಮೇಲೆ ಮಾರದೆ ಉಳಿದ ಎರಡು ಕಂಬಳಿ. ಕೇಳಿದೆ. "ನೀ ಹೆಂಗ ಅಂತಿ ಹಂಗ" ಎಂದು ಕಾಲು ತೊಳೆಯಲು ಹೋದರು. ಕಂಬಳಿಯ ಬೆಲೆ ಹೇಳುವಾಗಲಾದರೂ ಈ ಮನುಷ್ಯನಿಗೆ ಇನ್ನಷ್ಟು ಮಾತು ಬರುತ್ತದೆ.

12-8-1975

ಪಂಚಮಿ. ಇಂಡಿಯಿಂದ ಅಣ್ಣ ಅಮಸಿದ್ದ ಕರೆಯಲು ಬಂದಿದ್ದ. ಹೋಗಲಿಲ್ಲ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದಾರೆ. ನಾನು ಒಳಗೆ ಕೂತು ಪೇಪರು ತಿದ್ದಿದೆ.

ಸಂಜೆ ಅತ್ತೆಗೆ ಹೇಳಿಬಿಟ್ಟೆ — "ಆಗಲ್ರಿ."

ಎರಡನೆಯ ಮದುವೆ ಕಾನೂನಿಗೆ ವಿರುದ್ಧ, ಗೊತ್ತು. ಮೇಲಿನ ತರಗತಿಗೆ ಪೌರನೀತಿ ಪಾಠ ಹೇಳುವವಳು ನಾನೇ. ಆದರೂ ಹೂಂ ಎಂದೆ. ಯಾಕೆ ಎಂದು ಕೇಳಿದರೆ… ಬೇಡ ಎಂದರೆ ಈ ಮನೆಯಲ್ಲಿ ದಿನವೂ ಖಾಲಿ ಮುಖಗಳನ್ನು ನೋಡಬೇಕು. ಅದಕ್ಕೆ ಹೆದರಿದೆ. ಅತ್ತೆ ನನ್ನ ಗಲ್ಲ ಸವರಿ ಅತ್ತರು. ನನಗೆ ಅಳು ಬರಲಿಲ್ಲ. ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕಿದೆ. ಮಳೆಗಾಲದಲ್ಲಿ ನೀರು!

9-11-1975

ಆಯಿತು. ಕನ್ನೊಳ್ಳಿಯಲ್ಲಿ. ನಾನೂ ಹೋಗಿ ಅಕ್ಷತೆ ಹಾಕಿ ಬಂದೆ.

28-11-1975

ಶೇವಂತಿ ನನ್ನ ಶಾಲೆಯ ದೊಡ್ಡ ಹುಡುಗಿಯರಿಗಿಂತ ಸ್ವಲ್ಪವೇ ದೊಡ್ಡವಳು. ದ್ವೇಷ ಮಾಡೋಣ ಎಂದು ಒಳ್ಳೆಯ ತಯಾರಿ ಮಾಡಿಕೊಂಡಿದ್ದೆ. ಆಗಲಿಲ್ಲ. ಬಂದವಳು ಮೊದಲ ದಿನವೇ ಹಿತ್ತಲಲ್ಲಿ ಮೂಗು ಮುಚ್ಚಿಕೊಂಡು ಓಡಿ ಬಂದಳು — "ಅಕ್ಕಾ, ಅಲ್ಲೇನೋ ಸತ್ತೈತಿ!"

ಸತ್ತದ್ದಲ್ಲ, ಸತಾಪ, ಎಂದೆ. ನಗು ಬಂತು. ಬಹಳ ದಿನಗಳ ನಂತರ.

ನೇಮ ಹೇಳಿಕೊಟ್ಟೆ. ಹೆಸರು ಹೇಳಿ ಚಿವುಟುವುದು ಅವಳಿಗೆ ಭಾರೀ ಹಿಡಿಸಿತು. "ಹೆಸರ ಹೇಳದಿದ್ರ ಎಲಿಗೆ ಹೆಂಗ ಗೊತ್ತಾಗಬೇಕು ಯಾರ ಮನಿಗೆ ಹೋಗಬೇಕಂತ" ಎಂದಳು. ಪೋಸ್ಟಮನ್ ಇದ್ದಂತೆ ಎಂದುಕೊಂಡಿದ್ದಾಳೆ ಎಲೆಯನ್ನು.

15-2-1976

ಶೇವಂತಿಗೆ ದಿನ ನಿಂತಿವೆ, ಎರಡು ತಿಂಗಳು. ಅತ್ತೆ ದೇವರ ಮುಂದೆ ಎಣ್ಣೆದೀಪ ಹಚ್ಚಿದ್ದು ಆರಲು ಬಿಡುತ್ತಿಲ್ಲ.

ಗಿಡದ ಸುತ್ತ ಜಾಲಿಮುಳ್ಳು ಒಟ್ಟಿದೆ, ಶೇವಂತಿಯ ಸೀರೆ ಕೂಡ ತಾಗದಿರಲಿ ಅಂತ. ಎಲೆಗೆ ಬರುವವರಿಗೆ ಹೊರಗಿನಿಂದಲೇ ಕೂಗಿ ಎಂದು ಹೇಳಿದ್ದೇನೆ. ಚಿವುಟಿದ ಮೇಲೆ ಬೂದಿ ಹಚ್ಚಿ, ಹುಣಸೆ ಹಚ್ಚಿ ಕೈ ತೊಳೆಯುತ್ತೇನೆ. ಆದರೂ ವಾಸನೆ ಬೆರಳ ಸಂದಿಯಲ್ಲಿ ಉಳಿಯುತ್ತದೆ.

ಸಂತೋಷವಾಗಿದೆಯೇ ನನಗೆ? ಇದೆ. ಹೊಟ್ಟೆಯಲ್ಲಿ ಉರಿಯೂ ಇದೆ. ಎರಡೂ ನಿಜ.

8-3-1976

ರೊಟ್ಟಿ ಬಡಿಯಲು ಕೂತಿದ್ದೆ. ಅತ್ತೆ ಬಂದು ಎದುರು ಕುಕ್ಕರಗಾಲಿನಲ್ಲಿ ಕೂತರು. ಹಿಟ್ಟು ಹತ್ತಿದ ನನ್ನ ಕೈ ಎಳೆದುಕೊಂಡು ಮೂಗಿಗೆ ಹಿಡಿದರು. ಮೂಸಿದರು.

"ವಾಸನಿ ಐತಿ" ಎಂದರು.

"ಬೆಳಿಗ್ಗೆ ಸೀತವ್ವಗ ಎಲಿ ಕೊಟ್ಟಿದ್ನಲ್ರಿ. ತೊಳದೇನಿ."

"ತೊಳದಿ. ಖರೆ. ಆದ್ರೂ ಇನ್ನಮ್ಯಾಲ ಶೇವಂತಿ ರೊಟ್ಟಿ ನಾನ ಬಡೀತೇನಿ."

ಅಷ್ಟೇ. ಜಗಳವಿಲ್ಲ, ಬೈಗುಳವಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಂದೆ. ಇಷ್ಟು ವರ್ಷ ಈ ಮನೆಗೆ ರೊಟ್ಟಿ ಬಡಿದ ಕೈ ಇದು. ತುಂಬಾ ನೋವಾಯಿತು. ಬರೆಯುವಾಗಲೂ ಆಗುತ್ತಿದೆ.

9-4-1976, ಮಧ್ಯಾಹ್ನ

ಈಗ ಬೆಳಗಿನ ಶಾಲೆ. ಹನ್ನೊಂದಕ್ಕೆ ಮನೆ. ಶೇವಂತಿ ನಿನ್ನೆ ಗುಟ್ಟಾಗಿ ಕೇಳಿದ್ದಳು — "ಅಕ್ಕಾ, ಹುಣಸಿ ತೊಕ್ಕ ತಿನಬೇಕ ಅನಸಾಕತ್ತೈತಿ. ನೀ ಮಾಡಿದ್ದ." ಬಯಕೆ. ಶಾಲೆಯಿಂದ ಬಂದವಳೇ ಕುಟ್ಟಿದೆ. ಹಸಿಮೆಣಸಿನಕಾಯಿ, ಬೆಲ್ಲ, ಜೀರಿಗೆ. ಬಟ್ಟಲಿಗೆ ಹಾಕಿ ಅವಳ ಮುಂದೆ ಇಡುವಷ್ಟರಲ್ಲಿ ಅತ್ತೆ ಬಟ್ಟಲನ್ನೇ ಎತ್ತಿಕೊಂಡರು. ಹಿತ್ತಲ ಗೋಡೆಯಾಚೆ ತಿಪ್ಪೆಗೆ ಸುರಿದರು. ಬಟ್ಟಲನ್ನು ಬೂದಿ ಹಚ್ಚಿ ತಿಕ್ಕಿದರು. ನನ್ನ ಮುಖ ನೋಡಲಿಲ್ಲ.

ಶೇವಂತಿ ಬಾಯಿ ತೆರೆದವಳು ಹಾಗೇ ಕೂತಿದ್ದಳು.

ಎದ್ದು ಹೋದೆ. ಮುಳ್ಳು ಕಿತ್ತೆಸೆದೆ. ನೆತ್ತಿಯ ಮೇಲೆ ಬೆಂಕಿಯಂಥ ಬಿಸಿಲು. ಗಿಡವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದು ಎಳೆದೆ. ಬರಲಿಲ್ಲ. ಬುಡ ಕಟ್ಟಿಗೆಯಾಗಿದೆ. ಮತ್ತೆ ಎಳೆದೆ. ಎಲೆ ನುರಿದು ರಸ ತೋಳಿಗೆಲ್ಲ ಹತ್ತಿತು. ಹಿಂತಿರುಗಿ ನೋಡಿದರೆ ಶೇವಂತಿ ಬಾಗಿಲಲ್ಲಿ ನಿಂತಿದ್ದಳು.

"ಒಳಗ ಹೋಗು. ವಾಸನಿ ಬಡೀತೈತಿ."

ಹೋದಳು. ಗಿಡ ಬೇರು ಸಮೇತ ಬಂತು, ನಾನು ಹಿಂದಕ್ಕೆ ಬಿದ್ದೆ. ಎತ್ತಿ ತಿಪ್ಪೆಗೆ ಎಸೆದೆ. ಕಸ್ತೂರಿಯದೆಂದು ಉಳಿದಿದ್ದು ಅದೊಂದೇ. ಅವಳ ಕುಲಾವಿ, ಗಿಲಕಿ ಎಲ್ಲ ಯಾರು ಯಾರಿಗೋ ಕೊಟ್ಟಾಗಿತ್ತು. ಈಗ ಅಳು ಬಂತು, ಸರಿಯಾಗಿ.

ಅತ್ತೆ ಗುಂಡಿ ನೋಡಿ "ಛಲೋ ಆತು" ಎಂದರು.

11-4-1976

ಎರಡೂ ತೋಳಿನ ಮೇಲೆ ಬೊಬ್ಬೆ. ಕುದಿಯುವ ನೀರು ಚೆಲ್ಲಿದಂತೆ ಪಟ್ಟೆ ಪಟ್ಟೆ. ಜನ್ನತಬಿ ಹಣೆ ಚಚ್ಚಿಕೊಂಡಳು.

"ಬಿಸಲಾಗ ಮುಟ್ಟಬ್ಯಾಡ್ರಿ ಅಂತ ಬಡಕೊಂಡಿದ್ನೆಲ್ರಿ! ಅದರ ರಸಕ್ಕ ಬಿಸಲ ಬಿದ್ರ ಸುಡತೈತಿ."

ಅದಕ್ಕೇ ಆ ನೇಮ. ಗಿಡಕ್ಕೆ ಸಿಟ್ಟು ಬರುತ್ತದೆ ಎಂಬುದನ್ನು ನಾನು ಮಕ್ಕಳ ಕಥೆ ಎಂದುಕೊಂಡಿದ್ದೆ. ಮೇಷ್ಟ್ರಗಿತ್ತಿಯ ಜಾಣತನ. ಜನ್ನತಬಿ ಕೊಬ್ಬರಿ ಎಣ್ಣೆ ಸವರಿ ಹೋದಳು. ಹೋಗುವಾಗ ಗೋಡೆಯಾಚೆ ತಿಪ್ಪೆಯ ಕಡೆ ನೋಡುತ್ತ ನಿಂತಿದ್ದಳು.

2-5-1976

ಬೊಬ್ಬೆ ಒಣಗಿದವು. ಕಲೆ ಉಳಿದಿವೆ. ಕಂದು ಬಣ್ಣ, ಮಸಿ ಒರೆಸಿದ ಹಾಗೆ. ಉದ್ದ ತೋಳಿನ ಕುಪ್ಪಸ ಹೊಲಿಸಬೇಕು.

ಎಲೆಗೆ ಬಂದವರಿಗೆ ಗುಂಡಿ ತೋರಿಸುತ್ತೇನೆ. ಕೂಸು ಎತ್ತಿಕೊಂಡು ಸುಮ್ಮನೆ ಹಿಂತಿರುಗುತ್ತಾರೆ. ಜನ್ನತಬಿಯೂ ತಂಗಡಗಿಗೆ ಹೋಗಿದ್ದಾಳೆ, ತಂಗಿಗೆ ಹುಷಾರಿಲ್ಲವಂತೆ. ಬೆಳಿಗ್ಗೆ ಎದ್ದರೆ ಹೇಳಲು ಒಂದು ಹೆಸರೂ ಇಲ್ಲ.

17-5-1976

ಶೇವಂತಿಗೆ ಬೆಳಗಿನ ಜಾವ ಹೊಟ್ಟೆನೋವು. ಆಮೇಲೆ ರಕ್ತ. ಇವರು ಸಂತೆಗೆ ಹೋಗಿದ್ದಾರೆ. ಚಾಂದಸಾಬನ ಟಾಂಗಾದಲ್ಲಿ ನಾನೂ ಅತ್ತೆಯೂ ಅವಳನ್ನು ನಡುವೆ ಕೂಡಿಸಿಕೊಂಡು ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು. ಉಗುರು ಇಳಿದಿವೆ.

ಕೂಸು ಉಳಿಯಲಿಲ್ಲ. ಐದು ತಿಂಗಳು. ಹೆಣ್ಣು ಎಂದು ಆಯಾ ಹೇಳಿದಳು.

ಲೇಡಿ ಡಾಕ್ಟರ್ ನನ್ನನ್ನು ಬದಿಗೆ ಕರೆದರು. "ಮೊದಲನೇದು ಒಮ್ಮೊಮ್ಮೆ ಹಿಂಗ ಆಗ್ತದ ಅಕ್ಕೋರ. ಕಾರಣ ಹುಡುಕಬ್ಯಾಡ್ರಿ, ಹುಡುಗಿನ್ನ ನೋಡ್ಕೋರಿ." ಆಮೇಲೆ ನನ್ನ ತೋಳು ನೋಡಿದರು. "ಇದೇನು?" ಸತಾಪ ಎಂದೆ. ಅದಕ್ಕೆ ಇಂಗ್ಲಿಷಿನಲ್ಲಿ ರೂ ಎಂದು ಹೆಸರಂತೆ. ಪಶ್ಚಾತ್ತಾಪದ ಗಿಡ ಎನ್ನುತ್ತಾರಂತೆ ಆ ಜನ. ಆ ಹೊತ್ತಿನಲ್ಲಿ ಅದನ್ನು ಕೇಳಿ ನಾನೇನು ಮಾಡಲಿ… ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಿಂತಿರುಗಿದರೆ ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಸತಾಪ ಎಂದದ್ದು ಕೇಳಿದ್ದರು. ಕಣ್ಣು ನನ್ನ ತೋಳಿನ ಮೇಲೆ.

19-5-1976

ಇವರು ಬಂದ ಮೇಲೆ ಅತ್ತೆ ನಡುಮನೆಯಲ್ಲಿ ನಿಲ್ಲಿಸಿ ಕೇಳಿದರು.

"ಕಿತ್ತ ಗಿಡಾ ಎಲ್ಲಿ ಹೋತು?"

"ತಿಪ್ಪಿಗೆ ಒಗದೇನ್ರಿ."

"ತಿಪ್ಪಿಯಾಗ ಒಂದ ಕಡ್ಡಿ ಇಲ್ಲ. ಮೊನ್ನೆ ನಾ ಕೆದರಿ ನೋಡೇನಿ. ಒಣಗಿದ್ದರ ಕಡ್ಡಿ ಇರ್ತಿತ್ತು, ಬೇರ ಇರ್ತಿತ್ತು. ಎಲ್ಲಿ ಹೋತು ಹೇಳು. ಅರದೀ. ಹಾಲಾಗೋ ಸಾರಾಗೋ ಕೂಡಿಸೀ. ನಿನ್ನ ಕೈ ಹೇಳಾಕತ್ತೈತಿ ನೋಡು!"

ತೋಳು ಹಿಡಿದು ಬೆಳಕಿಗೆ ಎಳೆದರು. ಬಿಸಿಲು, ಬೊಬ್ಬೆ, ಕೀಳುವಾಗ ಹತ್ತಿದ ರಸ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳು ಹೇಳುವವರ ಉತ್ತರದಂತೆ ಕೇಳಿಸಿತು. ಅನುಮಾನ ಬೇಡವೆಂದು ಗಿಡ ಕಿತ್ತೆ. ಕಿತ್ತದ್ದೇ ಸಾಕ್ಷಿಯಾಯಿತು.

ಶೇವಂತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಕೀಳುವುದನ್ನು ಕಣ್ಣಾರೆ ನೋಡಿದವಳು ಅವಳೊಬ್ಬಳೇ.

"ಶೇವಂತಿ, ನೀ ಹೇಳು. ನೀ ನೋಡಿದಿ."

ತಿರುಗಲಿಲ್ಲ. ಮೂರು ಸಲ ಕರೆದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಇವರು? ಕಂಬಳಿಯ ಗಂಟಿನ ಮೇಲೆ ಕೂತು ನೆಲ ನೋಡುತ್ತಿದ್ದರು. "ಸ್ವಲ್ಪ ದಿನ ಇಂಡಿಗೆ ಹೋಗಿ ಬಾ" ಎಂದರು.

30-5-1976, ಇಂಡಿ

ಅಣ್ಣನ ನಿಂಬೆ ಗಿಡಗಳು ಹೂವಾಗಿವೆ. ಒಳ್ಳೆಯ ವಾಸನೆ. ಕೈ ಮೂಗಿಗೆ ಹಿಡಿದರೆ ಈಗ ನಿಂಬೆಯೇ. ಆದರೆ ಕಲೆ ಹೋಗಿಲ್ಲ.

ಅತ್ತಿಗೆಗೆ ಕೈಗೂಸಿದೆ. ಎತ್ತಿಕೋ ಎಂದಳು. ಎತ್ತಿಕೊಳ್ಳಲಿಲ್ಲ. ನಾನೇನೂ ಮಾಡಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಇದು ಎಲ್ಲಕ್ಕಿಂತ ಕೆಟ್ಟದ್ದು.

ಅಣ್ಣ ಅನ್ನುತ್ತಾನೆ, "ಟ್ರಾನ್ಸಫರ್ ಹಾಕು, ಇಲ್ಲೇ ಇರು. ಅಲ್ಲೇನೈತಿ ನಿಂದು?" ಏನಿದೆ? ಒಂದು ಗುಂಡಿ ಇದೆ ಹಿತ್ತಲಲ್ಲಿ. ಶೇವಂತಿಯ ಬಾಯಲ್ಲಿ ಒಂದು ಮಾತು ಇದೆ. ಅದನ್ನು ಕೇಳದೆ ಎಲ್ಲಿಗೂ ಹೋಗುವುದಿಲ್ಲ.

16-6-1976, ಬಾಗೇವಾಡಿ

ಶಾಲೆ ಶುರು. ಹಿಂತಿರುಗಿದೆ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮುಂದಿನ ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿಕೊಂಡೆ. ಒಬ್ಬಳಿಗೆ ಎಷ್ಟು ಹಿಟ್ಟು ಕಲಸಬೇಕೆಂದು ಇನ್ನೂ ಅಂದಾಜು ಸಿಕ್ಕಿಲ್ಲ. ದಿನವೂ ರೊಟ್ಟಿ ಉಳಿಯುತ್ತಿದೆ.

ಶೇವಂತಿ ನನ್ನ ಕಂಡರೆ ಒಳಗೆ ಹೋಗುತ್ತಾಳೆ. ಬಹಳ ಸೊರಗಿದ್ದಾಳೆ.

4-7-1976

ಜನ್ನತಬಿ ತಂಗಡಗಿಯಿಂದ ಬಂದಳು. ತಂಗಿಯ ದಿನಕರ್ಮ ಮುಗಿಸಿಕೊಂಡು. ಆಕೆಯ ದುಃಖ ಕೇಳುತ್ತ ಕೂತಿದ್ದೆ. ತನ್ನದು ಮುಗಿಸಿ ನನ್ನದು ಕೇಳಿದಳು. ಹೇಳಿದೆ. ಕೈ ಹಿಡಿದು ತನ್ನ ಅಂಗಳಕ್ಕೆ ಎಳೆದುಕೊಂಡು ಹೋದಳು.

ಎಣ್ಣೆಯ ಹಳೆ ಡಬ್ಬಿಯಲ್ಲಿ ಸತಾಪ. ನನ್ನದೇ. ಮೇಲಿನ ಟಿಸಿಲು ಕೊಯ್ದು ಗಿಡ್ಡ ಮಾಡಿದ್ದಾಳೆ. ಮೈತುಂಬ ಹೊಸ ಚಿಗುರು.

"ನೀವು ಒಗದ ಸಂಜೀಕ ತಂದು ಹಚ್ಚೇನ್ರಿ. ಜೀವ ಇರೋದನ್ನ ತಿಪ್ಪಿಯಾಗ ಬಿಡೋದು ಹೆಂಗ್ರಿ? ನಿಮಗ ಸಂಕಟ ಆಗ್ತೈತಿ ಅಂತ ಹೇಳಲಿಲ್ಲ. ಮಗನ ಹೇಣ್ತಿ ನೀರ ಹಾಕ್ಯಾಳ. ಯಾ ಅಲ್ಲಾ, ನಾ ಇದ್ದಿದ್ರ…"

ಆಕೆಯೇ ಹೋಗಿ ಅತ್ತೆಗೆ ಹೇಳಿದಳು. "ಬೇರ ಸಮೇತ ಗಿಡಾ ನನ್ನ ಕಡೆ ಐತಿ, ಬಂದ ನೋಡ್ರಿ" ಎಂದಳು. ಅತ್ತೆ ಎದ್ದು ಬರಲಿಲ್ಲ. "ನೀ ಆಕಿ ಗೆಳತಿ. ನೀ ಇನ್ನೇನ ಹೇಳ್ತಿ? ಕೈಮ್ಯಾಲಿಂದು ಎಲ್ಲಿಂದ ಬಂತು?"

ಕೈ. ಮತ್ತೆ ಕೈ.

18-7-1976

ಸೀತವ್ವ ಬೆಳಿಗ್ಗೆ ಜನ್ನತಬಿಯ ಅಂಗಳದಿಂದ ಎಲೆ ತೆಗೆದುಕೊಂಡು ಹೊರಟಿದ್ದಳು. ನನ್ನನ್ನು ಕಂಡು ಮಡಿವಾಳಪ್ಪನ ಮುಖದ ಮೇಲೆ ಸೆರಗು ಎಳೆದಳು. ಅವಳ ಕೈಯಲ್ಲಿದ್ದದ್ದು ನನ್ನ ಗಿಡದ ಎಲೆ. ಜನ್ನತಬಿ ಕೊಟ್ಟರೆ ಔಷಧ, ನಾನು ಕೊಟ್ಟರೆ ವಿಷ. ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಕೂಸು ಸೆರಗಿನೊಳಗಿಂದ ಕೈ ಹೊರಗೆ ಚಾಚಿ ನನ್ನ ಕಡೆ ಆಡಿಸುತ್ತಿತ್ತು. ಅದಕ್ಕೇನು ಗೊತ್ತು.

1-8-1976, ಸಂಜೆ

ಮತ್ತೆ ಪಂಚಮಿ. ಕನ್ನೊಳ್ಳಿಯಿಂದ ಕರೆಯಲು ಬಂದವರನ್ನು ಶೇವಂತಿ ಹಿಂದಕ್ಕೆ ಕಳಿಸಿದಳು. ಅತ್ತೆ ಬೈದರು. ಓಣಿಯಲ್ಲಿ ಜೋಕಾಲಿಯ ಗದ್ದಲ.

ನಾನು ಒಲೆಯ ಮುಂದೆ ಕೂತಿದ್ದೆ. ಬಂದು ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಬಂದು ಕೂತಳು. ನನ್ನ ಕುಪ್ಪಸದ ತೋಳು ಮೇಲಕ್ಕೆ ಸರಿಸಿದಳು. ಕಲೆ ಈಗ ತೆಳುವಾಗಿವೆ. ಬೆರಳಿನಿಂದ ಒಂದೊಂದನ್ನೇ ಮುಟ್ಟಿದಳು.

"ಇದು ಕಿತ್ತಾಗಿಂದು. ನಾ ನೋಡೇನಿ ಅಕ್ಕಾ. ನೀ ಅಪ್ಪಿಕೊಂಡ ಎಳ್ಯಾಕತ್ತಿದ್ದಿ. ಒಳಗ ಹೋಗು, ವಾಸನಿ ಬಡೀತೈತಿ ಅಂದಿ. ಕೊಲ್ಲಾಕಿ ಯಾರರ ಹಂಗ ಅಂತಾರೇನು?"

ಸಿಟ್ಟು ಬಂತು. "ಅವತ್ತ್ಯಾಕ ಹೇಳಲಿಲ್ಲ? ಮೂರು ಸಲ ಕರದ್ನೆಲ್ಲ ನಿನ್ನ."

ಅತ್ತಳು. ಅಳುತ್ತಲೇ ಹೇಳಿದಳು.

"ಅಂಜಿದ್ದೆ. ಹೊಟ್ಟಿ ನೋಯೋ ಹಿಂದಿನ ದಿನ ಅತ್ತಿ ಮಲಗಿದಾಗ ನೀರಿನ ಹಂಡೆ ಎತ್ತಿದ್ದೆ. ಭಾರಾ ಎತ್ತಬ್ಯಾಡ ಅಂದಿದ್ರು. ನೀ ಅಲ್ಲ ಅಂದ್ರ ಮತ್ತ್ಯಾರು ಅಂತ ಕೇಳ್ತಿದ್ರು. ನಿನ್ನ ಹೆಸರ ಬಂತು, ನನ್ನ ಬಿಟ್ರು. ನಾ ಸುಮ್ಮನಾದೆ ಅಕ್ಕಾ. ನಾನ ಕೊಂದೇನೇನು?"

ಬಡಿಯಬೇಕೆನಿಸಿತು ಒಂದು ಕ್ಷಣ. ಖರೆ. ಇಷ್ಟು ದಿನ ಅವಳ ಬಾಯಿಯ ಒಂದು ಮಾತಿಗೆ ಕಾದು ಕೂತವಳು ನಾನು. ಆದರೆ ಆ ಕೊನೆಯ ಪ್ರಶ್ನೆ… ಕಸ್ತೂರಿ ಹೋದಾಗ ನಾನೂ ಅದನ್ನೇ ಕೇಳಿದ್ದೆ. ಆವತ್ತು ಸ್ನಾನ ಮಾಡಿಸಬಾರದಿತ್ತೇ, ಗಾಳಿಗೆ ಒಯ್ಯಬಾರದಿತ್ತೇ ಎಂದು. ನನಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

"ಇಲ್ಲ" ಎಂದೆ. "ನೀನೂ ಕೊಂದಿಲ್ಲ, ನಾನೂ ಕೊಂದಿಲ್ಲ. ಡಾಕ್ಟರ ಬಾಯಾರ ಹೇಳ್ಯಾರ. ಹಿಂಗ ಆಗ್ತದ ಒಮ್ಮೊಮ್ಮೆ."

ಮೂಗು ಒರೆಸಿಕೊಂಡಳು. ಎದ್ದು ನಡುಮನೆಯ ಹೊಸ್ತಿಲ ಮೇಲೆ ನಿಂತು ಗಟ್ಟಿಯಾಗಿ ಹೇಳಿದಳು, ಒಳಗಿನವರಿಗೆ ಕೇಳುವ ಹಾಗೆ — "ಅತ್ತೀ, ಅಕ್ಕ ಗಿಡಾ ಕಿತ್ತ ಒಗದಿದ್ದು ನಾ ನೋಡೇನ್ರಿ. ಹಂಡೆ ಎತ್ತಿದಾಕಿ ನಾನು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಯಾರೂ ನನ್ನ ಹತ್ತಿರ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು. ಹಂಡೆಯ ಸಲುವಾಗಿ ಶೇವಂತಿಗೂ ಯಾರೂ ಏನೂ ಅನ್ನಲಿಲ್ಲ. ಅಷ್ಟಾಯಿತಲ್ಲ.

2-8-1976, ಬೆಳಿಗ್ಗೆ

ಬಿಸಿಲೇರುವ ಮೊದಲು ಜನ್ನತಬಿಯ ಅಂಗಳಕ್ಕೆ ಹೋದೆವು. ಶೇವಂತಿಯೂ ಬಂದಳು. ಜನ್ನತಬಿ ಡಬ್ಬಿಯನ್ನು ಮುಂದೆ ಸರಿಸಿ ತಾನು ಒಳಗೆ ಹೋದಳು, ಒಲೆಯ ನೆವ ಹೇಳಿ.

ಹಳದಿ ಮೊಗ್ಗು ಬಿಟ್ಟಿದೆ. ವಾಸನೆ ಹಾಗೇ ಇದೆ. ಶೇವಂತಿ ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ.

"ಅಕ್ಕಾ, ಒಂದ ಎಲಿ ನಾ ಚಿವುಟ್ಲಿ? ನನ್ನ ಕೂಸಿಗೆ."

ಚಿವುಟು ಎಂದೆ. ಕೈ ಚಾಚಿದವಳು ತಡೆದಳು.

"ಹೆಸರ ಇಟ್ಟಿರಲಿಲ್ಲಲಾ ಅದಕ್ಕ. ಏನಂತ ಚಿವುಟ್ಲಿ?"

ಸೆರಗು ಮುಚ್ಚಿಕೊಂಡು ಬಂದಿದ್ದ ಆ ಹೆಂಗಸು ನೆನಪಾದಳು. ಹೆಸರಿಲ್ಲ ಎಂದು ನೆಲ ನೋಡಿದವಳು. ಬರಿಗೈಯಲ್ಲಿ ಕಳಿಸಿದ್ದೆ. ಇವಳನ್ನು ಹೇಗೆ ಕಳಿಸಲಿ? ಏನು ಹೇಳಲಿ? ತೊಟ್ಟಿಲು ಕಟ್ಟಿರಲಿಲ್ಲ, ಹಾಡು ಹೇಳಿರಲಿಲ್ಲ. ಐದು ತಿಂಗಳು ಇದ್ದು ಹೋದ ಕೂಸು. ಎಲೆ ಯಾರ ಮನೆಗೆ ಹೋಗಬೇಕು?

ನನ್ನ ಹತ್ತಿರ ಒಂದೇ ಹೆಸರಿತ್ತು. ಬಳಸದೆ ಇಟ್ಟದ್ದು.

"ಕಸ್ತೂರಿ ಅನ್ನು" ಎಂದೆ.

ಹೇಳಿದೆ. ಬಾಯಿಯಿಂದ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅದು ನಿನ್ನ ಮಗಳ ಹೆಸರಲಾ ಅಕ್ಕಾ."

"ಇಬ್ಬರಿಗೂ ಅದ ಇರಲಿ. ಹೇಳು."

"ಕಸ್ತೂರಿ" ಎಂದು ಚಿವುಟಿದಳು. ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು, ಎಲ್ಲಿ ಕಟ್ಟಬೇಕೆಂದು ತಿಳಿಯದೆ. ಆಮೇಲೆ ನಾನೂ ಒಂದು ಚಿವುಟಿದೆ. ಹೆಸರು ಹೇಳಿಯೇ ಚಿವುಟಿದೆ. ಇಬ್ಬರೂ ಆ ಎಲೆ ಹಿಡಿದು, ಎತ್ತಿಕೊಳ್ಳಲು ಕೂಸಿಲ್ಲದೆ, ಅಂಗಳದಲ್ಲಿ ನಿಂತೇ ಇದ್ದೆವು.

ಹಿಂತಿರುಗಿ ಬಂದಾಗ ಅತ್ತೆ ಬಾಗಿಲಲ್ಲಿದ್ದರು. ಇಬ್ಬರ ಮುಷ್ಟಿಯನ್ನೂ ನೋಡಿದರು. ವಾಸನೆ ಬಂದಿರಲೇಬೇಕು. ಬದಿಗೆ ಸರಿದು ದಾರಿ ಬಿಟ್ಟರು.

ಕೈ ತೊಳೆಯಲು ಬಚ್ಚಲಿಗೆ ಹೋದೆ. ತಂಬಿಗೆ ಎತ್ತಿದೆ. ಮತ್ತೆ ಇಟ್ಟೆ. ಬೆರಳಲ್ಲಿ ವಾಸನೆ ಇನ್ನೂ ಇದೆ. ಶಾಲೆಯ ಗಂಟೆ ಬಾರಿಸುತ್ತಿದ್ದಾರೆ. ಇವತ್ತು ತೊಳೆಯುವುದಿಲ್ಲ, ಹೀಗೇ ಶಾಲೆಗೆ ಹೋಗುತ್ತೇನೆ.